ಅರಳುಮರಳು ಮತ್ತು ಸೇವಾಧರ್ಮ



'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಈ ಮಾತನ್ನು ನಂಬಿ ನಾವು ಒಂದು ವ್ಯಾಧಿಯನ್ನು ಮುಪ್ಪಿನ ಸಹಜ ಲಕ್ಷಣವೆಂದೇ ಎಣಿಸಿಬಿಟ್ಟಿದ್ದೇವೆ. ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಈ ಸ್ಥಿತಿ ಮಿದುಳಿನ ರೋಗಗಳಿಂದ ಬರತಕ್ಕದ್ದು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇ. 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನರಿಗೆ ಇದು ತಗುಲಿದೆ. ಬಹುಪಾಲು ಪ್ರಕರಣಗಳಲ್ಲಿ ಇದನ್ನು ಗುಣಪಡಿಸುವ ಔಷಧ ಇಲ್ಲ.

ಹಾಗಾದರೆ ಗುಣವಾಗದವರಿಗೆ, ಸೇವೆ ಮಾಡುವವರು ಯಾರೆಂಬುದನ್ನೇ ಅರಿಯದವರಿಗೆ ಮಾಡುವ ಸೇವೆಗೆ ಅರ್ಥವೇನು?

ಉಂಡವನು ನೆನೆಯಲೆಂದು ಬಡಿಸುವುದು ದಾಸೋಹವಲ್ಲ. ಮಗನ ಹೆಸರನ್ನು ಮರೆತ ತಾಯಿಗೂ ನೋವು ತಿಳಿಯುತ್ತದೆ. ಗದರಿಕೆಯೂ, ಮೃದುವಾದ ಕೈಯೂ ತಿಳಿಯುತ್ತವೆ. ಬಾಯಲ್ಲಿ ಹೇಳಲಾರದ ನೋವು ನರಳಿಕೆಯಾಗಿ, ಚಡಪಡಿಕೆಯಾಗಿ, ಸಿಟ್ಟಾಗಿ ತೋರುತ್ತದೆ. ಅದನ್ನು ಹಟವೆಂದು ತಿಳಿಯದೆ ಅದರ ಕಾರಣವನ್ನು ಹುಡುಕಿ ಶಮನಗೊಳಿಸುವುದೇ ಉಪಶಾಮಕ ಆರೈಕೆ. ಹಾಸಿಗೆ ಹಿಡಿದವರನ್ನು ಆಗಾಗ್ಗೆ ಮಗ್ಗುಲು ಬದಲಿಸಿ ಮಲಗಿಸುವುದು, ಕೂರಿಸಿ ತುತ್ತು ತುತ್ತಾಗಿ ಉಣ್ಣಿಸುವುದು ಇದರಲ್ಲಿ ಸೇರಿವೆ.

ಕೊನೆಯ ಹಂತದಲ್ಲಿ ನುಂಗುವ ಶಕ್ತಿ ಕುಂದಿದಾಗ, ಮೂಗಿನ ನಳಿಕೆ ಹಾಕಿಸದಿದ್ದರೆ ಪಾಪವೆಂದು ಮಕ್ಕಳು ಹೆದರುತ್ತಾರೆ. ಈ ರೋಗದಲ್ಲಿ ನಳಿಕೆಯಿಂದ ಆಯುಷ್ಯ ಹೆಚ್ಚುವುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ; ಸಾಧ್ಯವಾದಷ್ಟನ್ನು ಕೈಯಿಂದ ಉಣ್ಣಿಸುವುದೇ ಲೇಸೆಂಬುದು ತಜ್ಞರ ಮತ. ವೈದ್ಯರೊಡನೆ ವಿಚಾರಿಸಿ ಹಾಗೆ ನಡೆದುಕೊಂಡವರು ಕರ್ತವ್ಯಭ್ರಷ್ಟರಲ್ಲ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವು ಅದರ ಜಾರಿಗೆ ಆದೇಶ ಹೊರಡಿಸಿತು. ತನ್ನ ಅಂತ್ಯಕಾಲದ ಚಿಕಿತ್ಸೆ ಹೇಗಿರಬೇಕೆಂಬುದನ್ನು ಬುದ್ಧಿ ಸ್ವಸ್ಥವಾಗಿರುವಾಗಲೇ, ಇಬ್ಬರು ಸಾಕ್ಷಿಗಳ ಸಮಕ್ಷಮ ಬರೆದಿಡಬಹುದು. ಮರೆವು ಆವರಿಸಿದ ಮೇಲೆ ಆ ಅವಕಾಶವಿರುವುದಿಲ್ಲ.

ಇನ್ನೊಂದು ಮಾತು. ಈ ಸೇವೆಯ ಭಾರ ಸಾಮಾನ್ಯವಾಗಿ ಮನೆಯ ಒಬ್ಬ ಹೆಣ್ಣುಮಗಳ ಮೇಲೆಯೇ ಬೀಳುತ್ತದೆ. ರಾತ್ರಿ ನಿದ್ರೆಯಿಲ್ಲ, ಹಗಲು ಬಿಡುವಿಲ್ಲ. ತಾನು ಗದರಿದೆನೆಂಬ ಪಶ್ಚಾತ್ತಾಪ ಬೇರೆ. ಅವಳನ್ನು 'ಪುಣ್ಯವಂತೆ' ಎಂದು ಹೊಗಳಿ ಎದ್ದುಹೋಗುವುದು ಧರ್ಮವಲ್ಲ. ಚೌಳಹಿರಿಯೂರಿನಂಥ ಊರಿಗೆ ಬೆಂಗಳೂರಿನ ನಿಮ್ಹಾನ್ಸ್ ದೂರ, ನೆರೆಮನೆ ದೂರವಲ್ಲ. ವಾರದಲ್ಲಿ ಒಂದು ಮಧ್ಯಾಹ್ನ ಆ ಹಿರಿಯರ ಬಳಿ ನೀವು ಕುಳಿತರೆ ಅವಳು ಮಲಗಿ ನಿದ್ರಿಸಿಯಾಳು. ಹಿರಿಯರು ನಿಮ್ಮನ್ನು ಗುರುತಿಸಲಾರರು. ಆದರೂ ಹೋಗಿರಿ.