ಎರಡನೆಯ ಗುರುವಿನ ಪಾಲು

ಶಿಷ್ಯನ ಕೀರ್ತಿಯಲ್ಲಿ ಗುರುವಿಗೆ ಪಾಲುಂಟೆಂಬುದನ್ನು ಹಿರಿಯರು ಒಪ್ಪಿದ್ದಾರೆ. ಆದರೆ ಕಲಿಸಿದವರು ಇಬ್ಬರಾಗಿ, ಒಬ್ಬನು ಪ್ರಧಾನನೂ ಮತ್ತೊಬ್ಬನು ಸಹಾಯಕನೂ ಆಗಿದ್ದಲ್ಲಿ, ಎರಡನೆಯವನ ಪಾಲು ಯಾವುದು? ಸೋಮವಾರಪೇಟೆಯಂತಹ ಊರಿನಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ.

ಊರಿನ ಹೆಸರನ್ನೇ ತಮ್ಮ ಹೆಸರಿನ ಮೊದಲಕ್ಷರವಾಗಿ ಹೊತ್ತ ಎಸ್. ವಿ. ಸುನಿಲರು 2012ರಲ್ಲಿ ಲಂಡನ್ನಿನಲ್ಲಿಯೂ 2016ರಲ್ಲಿ ರಿಯೋದಲ್ಲಿಯೂ ಒಲಿಂಪಿಕ್ಸ್ ಹಾಕಿಯಾಡಿದುದನ್ನು ಇಲ್ಲಿಯ ಮಕ್ಕಳೂ ಬಲ್ಲರು. 2021ರಲ್ಲಿ ಟೋಕಿಯೋದಲ್ಲಿ ಭಾರತದ ಮಹಿಳಾ ತಂಡಕ್ಕೆ ಸಹಾಯಕ ತರಬೇತುದಾರರಾಗಿದ್ದವರು ಕೊಡಗಿನವರೇ ಆದ ಅಂಕಿತಾ ಸುರೇಶರೆಂಬುದು ಎಷ್ಟು ಮನೆಗಳಿಗೆ ತಿಳಿದಿದೆ?

ಅಲ್ಲಿ ಆಗಸ್ಟ್ 2ರಂದು ಭಾರತವು ಆಸ್ಟ್ರೇಲಿಯಾವನ್ನು 1–0ರಿಂದ ಸೋಲಿಸಿತು. ಪೆನಾಲ್ಟಿ ಕಾರ್ನರಿನಲ್ಲಿ ಆ ಗೋಲನ್ನು ಹೊಡೆದವರು ಗುರ್ಜಿತ್ ಕೌರ್. ಗೆರೆಯಿಂದ ಚೆಂಡನ್ನು ತಳ್ಳುವವಳೊಬ್ಬಳು, ಅದನ್ನು ತಡೆದು ನಿಲ್ಲಿಸುವವಳೊಬ್ಬಳು, ಹೊಡೆಯುವವಳೊಬ್ಬಳು. ಈ ಕೈಗಳು ಒಂದಾದಾಗಲೇ ಗೋಲು. ಲೆಕ್ಕದಲ್ಲಿ ಉಳಿಯುವ ಹೆಸರು ಮಾತ್ರ ಒಂದೇ. ಆಡುವವರಲ್ಲಿಯೇ ಹೀಗಿರಲು ಗೆರೆಯಾಚೆ ನಿಂತವರ ಗತಿಯೇನು! ಕಂಚಿಗಾಗಿ ನಡೆದ ಪಂದ್ಯದಲ್ಲಿ ತಂಡವು ಬ್ರಿಟನ್ನಿಗೆ 3–4ರಿಂದ ಸೋತು ನಾಲ್ಕನೆಯದಾಯಿತು. ಗೆದ್ದಿದ್ದರೂ ಒಲಿಂಪಿಕ್ಸ್ ಪದಕವು ಆಟಗಾರರ ಕೊರಳಿಗೇ ಹೊರತು ಶಿಕ್ಷಕರ ಕೊರಳಿಗಲ್ಲ. ಶಿಕ್ಷಕರಿಗೆ ಸಲ್ಲತಕ್ಕ ಹೊಗಳಿಕೆಯಾದರೂ ಪ್ರಧಾನರಾಗಿದ್ದ ನೆದರ್ಲೆಂಡಿನ ಶೋರ್ಡ್ ಮರೈನರ ಕಡೆಗೆ ಮೊದಲು ಹರಿಯುವುದು ಲೋಕರೂಢಿ.

ಈ ರೂಢಿಯು ಹೊಸದಲ್ಲ. ಕುರುಕುಮಾರರಿಗೆ ಮೊದಲು ಬಿಲ್ಲುವಿದ್ಯೆಯನ್ನು ಹೇಳಿಕೊಟ್ಟವನು ಕೃಪಾಚಾರ್ಯ. ದ್ರೋಣನು ಬಂದುದು ಆಮೇಲೆ. ಆದರೂ 1985ರಲ್ಲಿ ಕೇಂದ್ರ ಸರಕಾರವು ಕ್ರೀಡಾಶಿಕ್ಷಕರಿಗೆ ಪ್ರಶಸ್ತಿಯೊಂದನ್ನು ಏರ್ಪಡಿಸಿದಾಗ ನೆನಪಾದುದು ದ್ರೋಣನ ಹೆಸರೇ. ಏಕಲವ್ಯನ ಬೆರಳನ್ನು ಕೇಳಿದವನ ಹೆಸರಾದರೂ ಸರಿಯೆ!

ಇಂತಹ ಕಡೆ ಗೀತೆಯ ನಿಷ್ಕಾಮಕರ್ಮವನ್ನು ಎತ್ತಿ ಸಹಾಯಕನನ್ನು ಸಮಾಧಾನಪಡಿಸುವವರು ಬಹಳ. ಅದು ಯುಕ್ತವಲ್ಲ. ಫಲವನ್ನು ಬಯಸದಿರುವುದು ಕೆಲಸ ಮಾಡುವವನು ತಾನಾಗಿ ಕೈಕೊಳ್ಳುವ ವ್ರತ. ಫಲವನ್ನು ಹಂಚತಕ್ಕವನು ಅದನ್ನು ಹೇಳಿ ತನ್ನ ಸಾಲವನ್ನು ತೀರಿಸಿಕೊಳ್ಳುವಂತಿಲ್ಲ. ಉಪವಾಸವಿದ್ದವನು ಪುಣ್ಯವಂತನಿರಬಹುದು, ಅವನಿಗೆ ಎಲೆ ಹಾಕದ ಯಜಮಾನನಿಗೆ ಆ ಪುಣ್ಯದಲ್ಲಿ ಭಾಗವಿಲ್ಲ.

ಹೆಸರಿಗಿಂತ ಕಠಿನವಾದ ಪ್ರಶ್ನೆಯು ಇನ್ನೊಂದಿದೆ. ನಿರ್ಣಯವು ಪ್ರಧಾನನದು, ಅದು ತಪ್ಪೆಂದು ಕಂಡರೆ ಸಹಾಯಕನು ಏನು ಮಾಡತಕ್ಕದ್ದು? ಶಿಷ್ಯರೆದುರಿಗೆ ವಿರೋಧಿಸಿದರೆ ತಂಡವು ಒಡೆಯುತ್ತದೆ. ಏಕಾಂತದಲ್ಲಿಯೂ ಬಾಯಿ ಬಿಡದಿದ್ದರೆ ಅವನು ಕೂಲಿಯಾಳು. ಏಕಾಂತದಲ್ಲಿ ಹೇಳಿ, ಬಯಲಿನಲ್ಲಿ ಜೊತೆಗಿರುವುದೇ ಆಟದ ಮಟ್ಟಿಗೆ ಸರಿಯಾದ ದಾರಿ. ಆದರೆ ಎಳೆಯರ ಮೈಗೆ ಅಥವಾ ಮಾನಕ್ಕೆ ಕೇಡಾಗುವಲ್ಲಿ ಅಷ್ಟು ಸಾಕೆ? ಮಲಗಿದ್ದ ಪಾಂಡವಶಿಬಿರಕ್ಕೆ ನುಗ್ಗಲು ಹೊರಟ ಅಶ್ವತ್ಥಾಮನಿಗೆ ಕೃಪನು ಬೇಡವೆಂದು ಬುದ್ಧಿ ಹೇಳಿದನು. ಮಾತು ನಡೆಯದಿದ್ದಾಗ ತಾನೂ ಹೋಗಿ ಬಾಗಿಲಲ್ಲಿ ಕಾವಲು ನಿಂತನು. ಹೇಳಿದ ಬುದ್ಧಿಯು ಆ ರಾತ್ರಿ ಒಂದು ಪ್ರಾಣವನ್ನೂ ಉಳಿಸಲಿಲ್ಲ. ಓಡಿಬಂದವರು ಬಿದ್ದುದು ಅವನು ಕಾಯುತ್ತಿದ್ದ ಬಾಗಿಲಿನಲ್ಲಿಯೇ.

ಆದರೂ ಕಥೆಯು ಅವನನ್ನು ಅಲ್ಲಿಗೆ ಬಿಡುವುದಿಲ್ಲ. ದ್ರೋಣನು ಹೋದನು, ಅಶ್ವತ್ಥಾಮನು ಶಾಪಗ್ರಸ್ತನಾಗಿ ಅಲೆದನು. ಆ ರಾತ್ರಿಯಲ್ಲಿ ಮಕ್ಕಳನ್ನು ಕಳೆದುಕೊಂಡ ಪಾಂಡವರು, ರಾಜ್ಯವನ್ನು ತೊರೆದು ಹೊರಡುವ ದಿನ, ವಂಶಕ್ಕೆ ಉಳಿದಿದ್ದ ಒಂದೇ ಕುಡಿಯಾದ ಪರೀಕ್ಷಿತನನ್ನು ಶಿಷ್ಯನಾಗಿ ಒಪ್ಪಿಸಿದ್ದು ಕೃಪನಿಗೇ.