ನಿರಪರಾಧಿ ಎಂಬ ಮಾತು

ನೆರೆಯವರಿಗೆ ವಿಷಮಜ್ವರ ಬಂದರೆ “ಈಗ ಹೇಗಿದ್ದಾರೆ?” ಎಂದು ಕೇಳುತ್ತೇವೆ. ಎಚ್‌ಐವಿ ಸೋಂಕು ತಗಲಿದೆಯೆಂದು ಕಿವಿಗೆ ಬಿದ್ದರೆ ಮಾತ್ರ “ಹ್ಯಾಂಗ ಬಂತಂತ?” ಎಂದು ಕೇಳುತ್ತೇವೆ. ಈ ಎರಡು ಪ್ರಶ್ನೆಗಳ ನಡುವೆ ಎಷ್ಟು ದೂರವಿದೆಯೆಂಬುದನ್ನು ನಾನು ಬಹುಕಾಲ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದವಳು ಗಜೇಂದ್ರಗಡದ ಕಡೆಯ ಒಬ್ಬ ಹೆಣ್ಣುಮಗಳು. ಅದೂ ನನ್ನ ಭಾಷಣ ಸೊಗಸಾಗಿ ಆಯಿತೆಂದು ನಾನು ಒಳಗೊಳಗೇ ಹಿಗ್ಗುತ್ತಿದ್ದಾಗ.

ನಮ್ಮ ಕಾಲೇಜಿನ ರೆಡ್ ರಿಬ್ಬನ್ ಕ್ಲಬ್ಬಿನ ಹೊಣೆ ಕನ್ನಡ ಮಾಸ್ತರನ ಕೊರಳಿಗೆ ಬಿದ್ದದ್ದು ವಿಜ್ಞಾನದವರು ಉಪಾಯವಾಗಿ ಜಾರಿಕೊಂಡದ್ದರಿಂದ. ಹೀಗಾಗಿ ಸೋಂಕಿನೊಡನೆ ಬದುಕುತ್ತಿರುವವರ ಪರವಾಗಿ ದುಡಿಯುವ ಕಾರ್ಯಕರ್ತೆಯರ ಜೊತೆ ರೋಣ, ನರಗುಂದದ ಹಳ್ಳಿಗಳನ್ನು ಸುತ್ತುವುದು ನನಗೆ ರೂಢಿಯಾಯಿತು. ಸಭೆಗೆ ಸಮುದಾಯ ಭವನ ಬೇಕು. ಭವನದ ಕೀಲಿ ಊರ ಮುಖಂಡರ ಕೈಯಲ್ಲಿ. “ಊರ ಹೆಸರು ಕೆಡತೈತ್ರಿ ಮಾಸ್ತರ. ಪಂಚಾಯ್ತಿ ಇಲೆಕ್ಷನ್ ಬ್ಯಾರೆ ಹತ್ರ ಬಂದೈತಿ” ಎಂದರು ಒಬ್ಬರು. ಅವರನ್ನು ಹಳಿಯಲಾರೆ. ೨೦೦೭ರಲ್ಲಿ ನಮ್ಮ ರಾಜ್ಯವೂ ಸೇರಿ ಹಲವು ರಾಜ್ಯಗಳು, ಹದಿಹರೆಯದ ಮಕ್ಕಳಿಗೆ ಶಾಲೆಯಲ್ಲಿ ಇಂಥ ತಿಳಿವಳಿಕೆ ಕೊಡುವುದು ನಮ್ಮ ಸಂಸ್ಕೃತಿಗೆ ಒಗ್ಗದೆಂದು ಕೈಬಿಟ್ಟವು. ರಾಜಧಾನಿಯಲ್ಲಿ ಕುಳಿತವರಿಗೇ ಇಲ್ಲದ ಎದೆಗಾರಿಕೆಯನ್ನು ಹಳ್ಳಿಯವರಿಂದ ಬಯಸುವುದು ಯಾವ ನ್ಯಾಯ?

ಆಗ ನಾನೊಂದು ಯುಕ್ತಿ ಹೂಡಿದೆ. “ಇದು ಏನೂ ಅರಿಯದ ಹೆಣ್ಣುಮಕ್ಕಳ, ಹಸುಗೂಸುಗಳ ಸಂಗತಿ. ಪಾಪ, ನಿರಪರಾಧಿಗಳು” ಎಂದೆ. ಕೀಲಿ ಕೈಗೆ ಬಂತು. ಸಭೆಯಲ್ಲಿಯೂ ಅದೇ ಮಾತನ್ನು ಹಿಗ್ಗಿಸಿದೆ: ಗಂಡನ ತಪ್ಪಿಗೆ ಹೆಂಡತಿ ಶಿಕ್ಷೆ ಉಣ್ಣಬೇಕೆ? ಸೆರಗಿನಿಂದ ಕಣ್ಣೊರೆಸಿಕೊಂಡವರು ಇಲ್ಲದಿರಲಿಲ್ಲ.

ಸಭೆ ಮುಗಿದು ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದಾಗ ಕಾರ್ಯಕರ್ತೆಯೊಬ್ಬಳು ಹತ್ತಿರ ಬಂದು, ಬೇರೆ ಯಾರಿಗೂ ಕೇಳದಂತೆ ಹೇಳಿದಳು: “ಸರ್, ನನ್ನ ಒಳ್ಳೇಕಿ ಮಾಡಾಕ ಹೋಗಿ ನಮ್ಮ ಮನಿಯವರನ್ನ ಕೆಟ್ಟವರನ್ನ ಮಾಡಿದ್ರಿ. ಅವರು ಹೋಗಿ ಹನ್ನೆರಡ ವರ್ಷ ಆತು. ಒಂದ ದಿನಾ ನನ್ನ ಮ್ಯಾಲೆ ಕೈ ಎತ್ತಿದವರಲ್ಲ. ಅವರನ್ನ ಬೈದರಷ್ಟ ನನಗ ಮರ್ಯಾದಿ ಏನ್ರಿ?”

ಉತ್ತರ ಹೊಳೆಯಲಿಲ್ಲ, ಬಟ್ಟಲಲ್ಲಿ ಚಹಾ ಆರಿಹೋಯಿತು.

ನಿರಪರಾಧಿ ಎಂದೊಡನೆ ಒಬ್ಬ ಅಪರಾಧಿಯನ್ನು ಹುಡುಕಲೇಬೇಕು. ನಮ್ಮ ಕರುಣೆ ಬೇಕಾದರೆ ಹೆಂಡತಿ ಸತ್ತ ಗಂಡನ ಮೇಲೆ ಸಾಕ್ಷಿ ನುಡಿಯಬೇಕು. ಮಗು ತಾಯಿಯ ಮೇಲೆ ನುಡಿಯಬೇಕು. ಎಳವೆಯಲ್ಲಿ ಮುತ್ತು ಕಟ್ಟಿಸಿಕೊಂಡ ದೇವದಾಸಿ ಯಾರ ಮೇಲೆ ನುಡಿಯಬೇಕು? ೧೯೮೨ರ ಕಾಯಿದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು. ಕಟ್ಟಿಸಿಕೊಂಡವಳನ್ನು ನಾವು ನೋಡುವ ನೋಟವನ್ನು ಯಾವ ಕಾಯಿದೆ ನಿಷೇಧಿಸೀತು?

ಆ ಹೆಣ್ಣುಮಗಳ ಗಂಡ ಮಳೆ ಹೋದ ವರ್ಷಗಳಲ್ಲಿ, ನಮ್ಮ ಎರೆಭೂಮಿಯ ಎಷ್ಟೋ ಜನರಂತೆ, ಗೋವೆಗೆ ದುಡಿಯಲು ಹೋಗುತ್ತಿದ್ದವನು. ಗೋವೆಯೆಂದಾಗ ಇನ್ನೊಂದು ಸಂಗತಿ ನೆನಪಾಗುತ್ತದೆ. ೧೯೮೯ರ ಫೆಬ್ರವರಿಯಲ್ಲಿ ಅಲ್ಲಿ ಡಾಮಿನಿಕ್ ಡಿಸೋಜಾ ಎಂಬ ತರುಣನನ್ನು ಪೊಲೀಸರು ಹಿಡಿದೊಯ್ದು, ಹಿಂದೆ ಕ್ಷಯರೋಗಿಗಳಿಗಿದ್ದ ಒಂದು ಕಟ್ಟಡದಲ್ಲಿ ೬೪ ದಿನ ಒಂಟಿಯಾಗಿ ಕೂಡಿಹಾಕಿದರು. ಆತನ ಅಪರಾಧವೆಂದರೆ ರಕ್ತದಾನ ಮಾಡುತ್ತಿದ್ದುದು; ಆ ರಕ್ತದ ಪರೀಕ್ಷೆಯಲ್ಲಿ ಸೋಂಕು ಕಂಡಿತ್ತು. ಅಂದಿನ ಗೋವೆಯ ಕಾನೂನೇ ಇಂಥ ಬಂಧನಕ್ಕೆ ಎಡೆಗೊಟ್ಟಿತ್ತು. ರಕ್ತ ಕೊಡುವವನಿಗಿಂತ ಸಂಭಾವಿತ ಎಲ್ಲಿ ಸಿಗುತ್ತಾನೆ? ಆದರೆ ಬಾಗಿಲಿಗೆ ಬೀಗ ಹಾಕುವಾಗ ಆತನ ಪುಣ್ಯದ ಲೆಕ್ಕ ಯಾರೂ ನೋಡಲಿಲ್ಲ. ಹೊರಗೆ ಬಂದ ಮೇಲೆ ತನ್ನಂಥವರಿಗಾಗಿ ದುಡಿದು, ‘ಪಾಸಿಟಿವ್ ಪೀಪಲ್’ ಎಂಬ ಸಂಸ್ಥೆಗೆ ಅಸ್ತಿವಾರ ಹಾಕಿ, ೧೯೯೨ರಲ್ಲಿ ತೀರಿಕೊಂಡ.

ಕಾನೂನು ಈಗ ನಮಗಿಂತ ಮುಂದಿದೆ. ೨೦೧೮ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ೨೦೧೭ರ ಕಾಯಿದೆಯ ಮೇರೆಗೆ ಸೋಂಕಿನ ಕಾರಣದಿಂದ ನೌಕರಿ, ಶಾಲೆ, ಚಿಕಿತ್ಸೆ, ಬಾಡಿಗೆಮನೆ ನಿರಾಕರಿಸುವಂತಿಲ್ಲ. ಸೋಂಕು ಯಾವ ದಾರಿಯಿಂದ ಬಂತೆಂಬುದರ ಮೇಲೆ ಆ ರಕ್ಷಣೆ ನಿಂತಿಲ್ಲ. ೨೦೦೪ರಿಂದ ಸರಕಾರ ಧರ್ಮಾರ್ಥವಾಗಿ ಕೊಡುತ್ತಿರುವ ಗುಳಿಗೆಯೂ ಹಾಗೆಯೇ: ತಪ್ಪದೆ ನುಂಗಿ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ತಗ್ಗಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡದು. ಗುಳಿಗೆ ಯಾರ ನಡತೆಯ ಪ್ರಮಾಣಪತ್ರವನ್ನೂ ಕೇಳಿದ್ದನ್ನು ನಾನರಿಯೆ.

ನನ್ನ ನಾಚಿಕೆಗೆ ಇನ್ನೊಂದು ಕಾರಣವುಂಟು. ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆಯದು ಒಂದೇ ವಚನ ನಮಗೆ ದೊರೆತಿದೆ; ಅಂಕಿತ ‘ನಿರ್ಲಜ್ಜೇಶ್ವರ’. ವರ್ಷವರ್ಷವೂ ಪಾಠ ಹೇಳುತ್ತೇನೆ. ಶರಣೆಯರ ಸಾಲಿನಲ್ಲಿ ಕೂರಿಸಲು ಆಕೆಯ ಕಸುಬನ್ನು ಹೆಸರಿನಿಂದ ಅಳಿಸಬೇಕೆಂದು ಪರಂಪರೆಗೆ ತೋರಲಿಲ್ಲ. ತರಗತಿಯಲ್ಲಿ ಇದನ್ನು ಕೊಂಡಾಡಿದ ನಾಲಗೆಯೇ ಹಳ್ಳಿಯಲ್ಲಿ ಒಳ್ಳೆಯವರು, ಕೆಟ್ಟವರು ಎಂದು ಗೆರೆ ಕೊರೆಯಿತು.

“ಆ ಮಾತು ಆಡದಿದ್ದರೆ ಕೀಲಿ ಸಿಗುತ್ತಿತ್ತೇ?” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ತಳ್ಳಿಹಾಕುವ ಪ್ರಶ್ನೆಯಲ್ಲ. ಶಾಲೆಯ ಬಾಗಿಲಲ್ಲಿ ತಡೆದ ಮಗು ಊರ ಮನಸ್ಸು ತಿಳಿಯಾಗುವ ತನಕ ಕಾಯಲಾರದು. ಅರ್ಧ ಸತ್ಯ ಹೇಳಿಯಾದರೂ ಬಾಗಿಲು ತೆಗೆಸು ಎಂದೇ ಯಾರೂ ಹೇಳುವರು. ನಾನೂ ಮತ್ತೆ ಒಮ್ಮೊಮ್ಮೆ ಹಾಗೆ ಮಾಡಿಯೇನು, ಖಾತ್ರಿ ಕೊಡಲಾರೆ. ಆದರೆ ಅಂದು ಕೀಲಿಗೆ ತೆತ್ತ ಬೆಲೆ ನನ್ನ ಗಂಟಿನದಾಗಿರಲಿಲ್ಲ. ಎದ್ದುಬಂದು ಇಲ್ಲವೆನ್ನಲಾರದ ಒಬ್ಬ ಸತ್ತವನದು.

ಮೊನ್ನೆ ನರಗುಂದದ ಹಾದಿಯ ಹಳ್ಳಿಯೊಂದರಲ್ಲಿ ಆ ಮಾತು ಬಿಟ್ಟು ಕೇಳಿದೆ. ಭವನ ಸಿಗಲಿಲ್ಲ. ಒಬ್ಬರ ಹಿತ್ತಲಲ್ಲಿ ಚಾಪೆ ಹಾಸಿಕೊಂಡು ಕುಳಿತೆವು. ಬಂದವರು ಒಂಬತ್ತು ಜನ. ನಾನು ಮಾತಾಡಲಿಲ್ಲ. ಆಕೆಯೇ ಆರಂಭಿಸಿದಳು: “ನಮ್ಮ ಮನಿಯವರು ಗೋವಾಕ್ಕ ದುಡ್ಯಾಕ ಹೋಗ್ತಿದ್ರು. ಬರೂಮುಂದ ನನಗ ಹಸರ ಬಳಿ ತರ್ತಿದ್ರು…”