ಕೂಡಿ ನಡೆಯುವವರ ಧರ್ಮ

ಹಲವರು ಒಂದಾಗಿ ಹೊರಟ ದಾರಿಯಲ್ಲಿ ಒಬ್ಬನು ಬಲಗುಂದಿದರೆ, ಉಳಿದವರು ತಮ್ಮ ಗುರಿಯನ್ನು ಬಿಟ್ಟು ಅವನಿಗೋಸ್ಕರ ಹಿಂದಿರುಗಬೇಕೋ? ಇಲ್ಲವೆ, ಒಬ್ಬನ ನಿಮಿತ್ತ ಎಲ್ಲರೂ ನಷ್ಟಪಡುವದು ನ್ಯಾಯವಲ್ಲವೆಂದು ಮುಂದೆ ಹೋಗಬೇಕೋ? ಈ ಪ್ರಶ್ನೆಯು ಮನೆಯಲ್ಲಿಯೂ ಹೊಲದಲ್ಲಿಯೂ ಸಂಘದಲ್ಲಿಯೂ ಆಗಾಗ್ಗೆ ಹುಟ್ಟುವಂಥಾದ್ದು. ಆದರೆ ಅಲ್ಲಿ ಅದು ಅನೇಕ ಮಾತುಗಳ ಕೆಳಗೆ ಮುಚ್ಚಿಹೋಗುವದು. ಬೆಟ್ಟದ ಮೇಲಾದರೋ ಮರೆಯಿಲ್ಲದೆ ಕಣ್ಣೆದುರಿಗೆ ನಿಲ್ಲುವದು. ಆದದರಿಂದ ಒಂದು ಬೆಟ್ಟದ ಪ್ರಯಾಣದಲ್ಲಿ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖವು 1,894 ಮೀಟರ್ ಎತ್ತರವಾದ ಬೆಟ್ಟವು. ಒಂದು ಕಡೆಯಿಂದ ನೋಡುವವರಿಗೆ ಅದು ಕುದುರೆಯ ಮುಖದಂತೆ ಕಾಣುವದರಿಂದ ಆ ಹೆಸರು ಬಂತು. ಸುತ್ತಣ ಕಾಡನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿದರು. ಹತ್ತುವವರು ಅರಣ್ಯ ಇಲಾಖೆಯವರ ಅಪ್ಪಣೆಯನ್ನು ಪಡೆದು, ಬೆಳಗ್ಗೆ ಹೊರಟು, ಕತ್ತಲಾಗುವ ಮೊದಲೇ ಇಳಿದು ಬರಬೇಕು. ಮೇಲೆ ರಾತ್ರಿ ತಂಗಕೂಡದು. ಮುಳ್ಳೋಡಿ ಎಂಬ ಹಳ್ಳಿಯಿಂದ ಹೊರಡುವ ದಾರಿಯು ಹಳ್ಳಗಳನ್ನು ದಾಟಿ, ಕಣಿವೆಗಳಲ್ಲಿ ಒತ್ತಾಗಿ ಬೆಳೆದ ಶೋಲಾ ಕಾಡನ್ನು ಹೊಕ್ಕು, ಮರವಿಲ್ಲದ ಹುಲ್ಲುಗುಡ್ಡಗಳ ಮೇಲೆ ಏರುವದು. ಅಲ್ಲಿ ಮಂಜು ಕವಿಯುವದಕ್ಕೆ ಹೆಚ್ಚು ಹೊತ್ತು ಬೇಡ; ಕವಿದ ಮೇಲೆ ಹತ್ತು ಮಾರು ಮುಂದಿರುವ ಕಾಲುದಾರಿಯೂ ಕಾಣದು.

ನಾವು ಆರು ಮಂದಿ ಸ್ನೇಹಿತರು. ದಾರಿ ತೋರಿಸುವದಕ್ಕೆ ಆ ಸೀಮೆಯವನೊಬ್ಬನು. ಒಂಟಿಮರವೆಂಬ ಸ್ಥಳವನ್ನು ದಾಟಿ ಹುಲ್ಲುಗುಡ್ಡವನ್ನು ಏರುತ್ತಿರುವಾಗ ನಮ್ಮಲ್ಲಿ ಹಿರಿಯರಾದವರು ನಿಂತು, "ನನ್ನ ಮೊಣಕಾಲು ಇನ್ನು ಏರಲಾರದು. ಇಳಿಯುವಷ್ಟು ಶಕ್ತಿಯನ್ನಾದರೂ ಉಳಿಸಿಕೊಳ್ಳಬೇಕು" ಅಂದರು. ಆಗ ಕಿರಿಯನೊಬ್ಬನು, "ಅಣ್ಣಾ, ನೀವು ಈ ಬಂಡೆಯ ಬಳಿಯಲ್ಲಿ ಕೂತಿರಿ, ನಾವು ನೆತ್ತಿಯನ್ನು ಮುಟ್ಟಿ ಬಂದು ಕರೆದುಕೊಂಡು ಹೋಗುತ್ತೇವೆ. ಒಬ್ಬರಿಗಾಗಿ ಐವರು ಯಾಕೆ ಕಳೆದುಕೊಳ್ಳಬೇಕು?" ಅಂದನು. ದಾರಿ ತೋರಿಸುವವನು ಇದನ್ನು ಕೇಳಿ, "ಮಂಜು ಕವಿದರೆ ಕೂತವರು ಕೂತಿರುವದಿಲ್ಲ, ಸ್ವಾಮೀ, ದಾರಿ ಹುಡುಕುತ್ತಾ ಹೊರಡುತ್ತಾರೆ. ದಾರಿ ಬಲ್ಲವನು ನಾನೊಬ್ಬನೇ, ಎರಡು ಕಡೆಯಲ್ಲಿ ಇರಲಾರೆ" ಅಂದನು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ರಜೆಗಾಗಿ ತಿಂಗಳುಗಟ್ಟಲೆ ಕಾದು ದೂರದಿಂದ ಬಂದಿದ್ದ ನಮಗೆ, ಅಷ್ಟು ಸಮೀಪದಿಂದ ಹಿಂದಿರುಗುವದು ಹಗುರವಾದ ಕಾರ್ಯವಾಗಿರಲಿಲ್ಲ. ಆದಾಗ್ಯೂ ಎಲ್ಲರೂ ಇಳಿದೆವು.

"ಒಬ್ಬರಿಗಾಗಿ ಐವರು ಯಾಕೆ?" ಎಂಬ ಮಾತನ್ನು ಸುಮ್ಮನೆ ತಳ್ಳಿಬಿಡಬಾರದು. ಒಂದೇ ತರದ ಲಾಭನಷ್ಟಗಳಾಗಿದ್ದರೆ ಐದು ಒಂದಕ್ಕಿಂತ ಹೆಚ್ಚೇ ಸರಿ. ಆದರೆ ಇಲ್ಲಿ ಐವರು ಕಳೆದುಕೊಂಡದ್ದು ಒಂದು ದಿನದ ಸಂತೋಷ. ಆ ಒಬ್ಬರು ಕಳೆದುಕೊಳ್ಳಬಹುದಾದದ್ದು ಪ್ರಾಣ. ಐವರ ಸಂತೋಷವನ್ನಲ್ಲ, ಐನೂರು ಮಂದಿಯ ಸಂತೋಷವನ್ನು ಕೂಡಿಸಿದರೂ ಅದು ಒಂದು ಪ್ರಾಣದ ತೂಕಕ್ಕೆ ಬಾರದು. ದಾರಿ ಬಲ್ಲ ಇನ್ನೊಬ್ಬನು ಇದ್ದಿದ್ದರೆ ಕೆಲವರು ಏರಿ ಕೆಲವರು ಇಳಿಯಬಹುದಾಗಿತ್ತು. ಅದರಲ್ಲಿ ಅನ್ಯಾಯವೇನೂ ಇಲ್ಲ. ಹೇಗಂದರೆ, ಎಲ್ಲರೂ ಸಮನಾಗಿ ನಷ್ಟಪಡಬೇಕೆಂಬದು ಸಂಗಡಿಗರ ಧರ್ಮವಲ್ಲ, ಯಾರನ್ನೂ ಒಂಟಿಯಾಗಿ ಬಿಡಬಾರದೆಂಬದೇ ಧರ್ಮವು.

ಆದರೆ ಈ ಧರ್ಮವು ಬಲವುಳ್ಳವರಿಗೆ ಮಾತ್ರ ಸೇರಿದ್ದಲ್ಲ. ಬಲಹೀನನಿಗೂ ಒಂದು ಕರ್ತವ್ಯವುಂಟು. ಅದು ತನ್ನ ಬಲಹೀನತೆಯನ್ನು ತಕ್ಕ ಸಮಯದಲ್ಲಿ ಹೇಳುವದೇ. ನಾಚಿಕೆಯಿಂದ ನೋವನ್ನು ಮುಚ್ಚಿ ಇನ್ನೊಂದು ಗುಡ್ಡವನ್ನು ಏರುವವನು ಧೈರ್ಯಶಾಲಿಯೆಂದು ಕಾಣಬಹುದು. ಕಡೆಗೆ ಅವನನ್ನು ಹೊತ್ತು ಇಳಿಸುವ ಭಾರವು ಸಂಗಡಿಗರ ಹೆಗಲಿಗೆ ಬೀಳುವದು. ನಮ್ಮ ಹಿರಿಯರು ಕಾಲು ನಡೆಯುತ್ತಿರುವಾಗಲೇ ಹೇಳಿದ್ದರಿಂದ ತಮ್ಮ ಕಾಲಿನಿಂದಲೇ ಇಳಿದರು. ಇಳಿಯುವಾಗ ಅವರನ್ನೇ ಮುಂದೆ ಬಿಟ್ಟೆವು. ಯಾಕಂದರೆ ನಿಧಾನವಾಗಿ ನಡೆಯುವವನು ಹಿಂದಿದ್ದರೆ ನಡುವೆ ಅಂತರವು ಬೆಳೆಯುವದು. ಮುಂದಿದ್ದರೆ ಯಾರೂ ಹಿಂದೆ ಬೀಳರು.

ಇದಕ್ಕಿಂತ ಬಹಳ ಕಠಿಣವಾದ ಪರೀಕ್ಷೆಯು 1953ರಲ್ಲಿ ಕೇ-ಟೂ ಎಂಬ 8,611 ಮೀಟರ್ ಎತ್ತರದ ಪರ್ವತದ ಮೇಲೆ ನಡೆಯಿತು. ಅಮೆರಿಕದಿಂದ ಹೊರಟ ತಂಡದ ಎಂಟು ಮಂದಿ ಬಿರುಗಾಳಿಗೆ ಸಿಕ್ಕಿ ಮೇಲಣ ಡೇರೆಗಳಲ್ಲಿ ಕಾದಿರುವಾಗ, ಆರ್ಟ್ ಗಿಲ್ಕಿ ಎಂಬವರ ಕಾಲಿನ ರಕ್ತನಾಳದಲ್ಲಿ ರಕ್ತವು ಹೆಪ್ಪುಗಟ್ಟಿತು. ಅಷ್ಟು ಎತ್ತರದಿಂದ ಅವರನ್ನು ಇಳಿಸುವದು ಅಸಾಧ್ಯವೆಂಬಷ್ಟು ಕಷ್ಟವೆಂದು ನಾಯಕರೂ ವೈದ್ಯರೂ ಆಗಿದ್ದ ಚಾರ್ಲ್ಸ್ ಹ್ಯೂಸ್ಟನ್ನರು ಬಲ್ಲವರಾಗಿದ್ದರು. ಆದರೂ ತಂಡದವರು ಶಿಖರದ ಆಶೆಯನ್ನು ಬಿಟ್ಟು ಗಿಲ್ಕಿಯವರನ್ನು ಹಗ್ಗದಿಂದ ಇಳಿಸತೊಡಗಿದರು. ಆಗಸ್ಟ್ 10ರಂದು ಒಬ್ಬರ ಕಾಲು ಜಾರಿ, ಹಗ್ಗಗಳು ಸಿಕ್ಕುಬಿದ್ದು, ಹಲವರು ಒಟ್ಟಿಗೆ ಉರುಳಿದರು. ಪೀಟ್ ಶೋನಿಂಗ್ ಎಂಬವರು ಒಬ್ಬರೇ ತಮ್ಮ ಹಿಮಗೊಡಲಿಯ ಆಧಾರದಿಂದ ಎಲ್ಲರನ್ನೂ ಹಿಡಿದು ನಿಲ್ಲಿಸಿದರು. ಆದರೆ ಅದೇ ದಿನ ಗಿಲ್ಕಿಯವರು ಕಣ್ಮರೆಯಾದರು; ಹಿಮದ ಕುಸಿತವು ಅವರನ್ನು ಒಯ್ದಿತೆಂದು ಸಂಗಡಿಗರು ತಿಳಿದರು. ಏಳು ಮಂದಿ ಉಳಿದು ಬಂದರು. ಮರುವರುಷ ಇಟಲಿಯವರು ಆ ಶಿಖರವನ್ನು ಮುಟ್ಟಿದರು.

ಹಾಗಾದರೆ ಅವರ ಪ್ರಯಾಸವು ವ್ಯರ್ಥವೋ? ಶಿಖರವೂ ಸಿಕ್ಕಲಿಲ್ಲ, ಸ್ನೇಹಿತನೂ ಉಳಿಯಲಿಲ್ಲ. ಫಲವನ್ನು ಮಾತ್ರ ಎಣಿಸುವವನು ವ್ಯರ್ಥವೆಂದೇ ಹೇಳುವನು. ಆದರೆ ಒಬ್ಬನನ್ನು ಬಿಡದಿರುವದು, ಅವನು ನಿಶ್ಚಯವಾಗಿ ಬದುಕುವನೆಂಬ ಲೆಕ್ಕದಿಂದ ಹುಟ್ಟುವದಲ್ಲ. ಅವನು ನಮ್ಮ ಸಂಗಡ ಹೊರಟವನೆಂಬದರಿಂದ ಹುಟ್ಟುವದು. ಬದುಕುವ ನಿಶ್ಚಯವಿದ್ದರೆ ಮಾತ್ರ ಎತ್ತುವೆನೆಂಬವನ ಸಂಗಡ ಯಾರು ತಾನೇ ನಂಬಿ ಹೊರಡುವರು?

ಆದಕಾರಣ ವಾಚಕರೇ, ನಿಮ್ಮ ಮನೆಯಲ್ಲಿ ಕಲಿಯುವದರಲ್ಲಿ ಹಿಂದುಳಿದ ಮಗುವಿದ್ದರೆ, ಹೊಲದ ಸಾಲಿನಲ್ಲಿ ಕೈ ನಿಧಾನವಾದ ಮುದುಕಿಯಿದ್ದರೆ, ಸಂಘದಲ್ಲಿ ಸಾಲ ತೀರಿಸಲಾರದ ನೆರೆಯವನಿದ್ದರೆ, ಎಷ್ಟು ಮಂದಿಗೆ ಎಷ್ಟು ತಡವಾಯಿತೆಂದು ಎಣಿಸುವ ಮೊದಲು, ಅವರು ಕಳೆದುಕೊಳ್ಳುವದೇನು, ನಾವು ಕಳೆದುಕೊಳ್ಳುವದೇನು ಎಂದು ತೂಗಿ ನೋಡಿರಿ. ಬಲಗುಂದಿದವರು ನಾಚಿಕೆಯಿಲ್ಲದೆ ಬಾಯಿಬಿಟ್ಟು ಹೇಳುವ ಹಾಗೆ ಅವರಿಗೆ ಎಡೆಕೊಡಿರಿ. ಕುದುರೆಮುಖವು ಬರುವ ವರುಷವೂ ಅಲ್ಲಿಯೇ ಇರುವದು. ಸಂಗಡಿಗನು ಇರುವನೆಂದು ಹಾಗೆ ಹೇಳಲಾಗದು.